ಮದುವೆ ಗೌನು ತೊಟ್ಟು ವಿಮಾನ ಹತ್ತಿದ ಲೋಲೆಂಗ್

ಲುಂಬಾನ್ ಊರಿನಲ್ಲಿ ಲೋಲೆಂಗ್‌ಳಷ್ಟು ಸಲ ಮದುವೆಯ ಗೌನು ತೊಟ್ಟ ಹೆಂಗಸು ಮತ್ತೊಬ್ಬಳಿಲ್ಲ. ಮದುವೆ ಮಾತ್ರ ಅವಳಿಗೆ ಒಮ್ಮೆಯೂ ಆಗಲಿಲ್ಲ. ಊರಿನವರು ಇದನ್ನು ಅವಳ ಎದುರಿಗೇ ಹೇಳಿ ನಗುತ್ತಿದ್ದರು, ಅವಳೂ ಜೊತೆಗೆ ನಗುತ್ತಿದ್ದಳು. ನಕ್ಕುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ಅವಳು ಬಹಳ ಹಿಂದೆಯೇ ಕಂಡುಕೊಂಡಿದ್ದಳು.

ಅವಳ ಕೆಲಸವೇ ಅದು. ಲುಂಬಾನ್ ಎಂದರೆ ಕಸೂತಿ. ಯಾವ ಜಗಲಿ ನೋಡಿದರೂ ಒಬ್ಬ ಹೆಂಗಸು ಚೌಕಟ್ಟಿನ ಮೇಲೆ ಬಗ್ಗಿ ಕೂತು ಹೂ ಬಳ್ಳಿ ತೆಗೆಯುತ್ತಿರುತ್ತಾಳೆ. ಅನಾನಸ್ ಎಲೆಯ ನಾರಿನಲ್ಲಿ ನೇಯ್ದ ಪಿನ್ಯಾ ಬಟ್ಟೆಯ ಗೌನು ಹೊಲಿಸಲು ದೂರದೂರದ ಮದುಮಕ್ಕಳು ಅಲ್ಲಿಗೆ ಬರುತ್ತಾರೆ. ಹೊಲಿಯುವುದೇನೋ ಸರಿ, ಮೈಗೆ ಸರಿಯಾಗಿ ಕೂತಿತೇ ಎಂದು ನೋಡುವುದು ಹೇಗೆ? ಮದುಮಗಳು ತನ್ನ ಗೌನನ್ನು ಮದುವೆಯ ದಿನಕ್ಕೆ ಮೊದಲು ತೊಡುವಂತಿಲ್ಲ. ತೊಟ್ಟಳೋ, ಆ ಮದುವೆ ನಡೆಯುವುದಿಲ್ಲ. ಮನಿಲಾದಲ್ಲಿ ಓದಿದ ಹುಡುಗಿಯರು ಇದಕ್ಕೆ ಮೂಗು ಮುರಿಯುತ್ತಾರೆ. ಆದರೆ ಹಾಗೆ ಮೂಗು ಮುರಿದವರೂ ತೊಡಲು ಮುಂದೆ ಬಂದದ್ದಿಲ್ಲ. ಅದಕ್ಕೇ ಚಾಯೊಂಗ್‌ಳ ಹೊಲಿಗೆ ಅಂಗಡಿಯಲ್ಲಿ ಲೋಲೆಂಗ್ ಇದ್ದಳು. ಮದುಮಗಳು ಸ್ಟೂಲಿನ ಮೇಲೆ ಕೂತು ನೋಡುವಳು, ಅವಳ ಬದಲಿಗೆ ಲೋಲೆಂಗ್ ಗೌನು ತೊಟ್ಟು ನಿಲ್ಲುವಳು. ಹುಡುಗಿ ದಪ್ಪಗಿದ್ದರೆ ಲೋಲೆಂಗ್‌ಳ ಸೊಂಟಕ್ಕೆ ಟವೆಲ್ ಸುತ್ತುತ್ತಿದ್ದರು, ತೆಳ್ಳಗಿದ್ದರೆ ಉಸಿರು ಬಿಗಿಹಿಡಿ ಎನ್ನುತ್ತಿದ್ದರು. ಚಾಯೊಂಗ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವಳ ಸುತ್ತ ಮಂಡಿಯೂರಿ ತಿರುಗುತ್ತಿದ್ದಳು.

ಇದಕ್ಕೆ ಲೋಲೆಂಗ್ ತಾನೇ ಎರಡು ಕಟ್ಟಳೆ ಮಾಡಿಕೊಂಡಿದ್ದಳು. ತಾನು ಗೌನು ತೊಟ್ಟಿರುವಾಗ ಅಂಗಡಿಯ ಕನ್ನಡಿಗೆ ಬಟ್ಟೆ ಮುಚ್ಚಿರಬೇಕು. ಗೌನು ತೊಟ್ಟ ಮೇಲೆ ತಾನು ಹೊಸ್ತಿಲು ದಾಟಬಾರದು. ಚಾಯೊಂಗ್ ಮೊದಮೊದಲು ಕಾರಣ ಕೇಳಿದಳು, ಉತ್ತರ ಬರಲಿಲ್ಲ. ಆಮೇಲೆ ಅವಳೂ ರೂಢಿ ಮಾಡಿಕೊಂಡು, ಲೋಲೆಂಗ್ ಬರುವ ಮೊದಲೇ ಕನ್ನಡಿಗೆ ಹಳೆಯ ಮೇಜುವಸ್ತ್ರ ಹೊದಿಸಿಡತೊಡಗಿದಳು.

ಕಾರಣ ಲೋಲೆಂಗ್‌ಗೆ ಮಾತ್ರ ಗೊತ್ತಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳಿಗೆ ಪೊನ್ಸಿಯಾನೊ ಎಂಬ ದೋಣಿ ಕಟ್ಟುವವನ ಜೊತೆ ಮದುವೆ ಗೊತ್ತಾಗಿತ್ತು. ಗೌನನ್ನು ತಾಯಿಯೇ ಹೊಲಿದಿದ್ದಳು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಮನೆಯವರೆಲ್ಲ ಹಿತ್ತಲಲ್ಲಿ ಅಡುಗೆಯ ಗಲಾಟೆಯಲ್ಲಿದ್ದಾಗ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಗೌನು ತೊಟ್ಟಳು. ಬೀರುವಿನ ಕನ್ನಡಿಯಲ್ಲಿ ನೋಡಿಕೊಂಡಳು, ಒಂದು ಸುತ್ತು ತಿರುಗಿದಳು, ಬಿಚ್ಚಿ ಮೊದಲಿದ್ದಂತೆಯೇ ಇಟ್ಟಳು. ಯಾರೂ ನೋಡಲಿಲ್ಲ. ಮರುದಿನ ಚರ್ಚಿನ ಬಾಗಿಲಲ್ಲಿ ಬಿಸಿಲು ನೆತ್ತಿಗೇರುವವರೆಗೆ ನಿಂತಿದ್ದಳು. ಪೊನ್ಸಿಯಾನೊ ಬರಲಿಲ್ಲ.

ಅವನು ದಕ್ಷಿಣದ ಕಡೆ ಹೋದನೆಂದೂ ಅಲ್ಲೇ ಬೇರೊಬ್ಬಳನ್ನು ಮದುವೆಯಾದನೆಂದೂ ಆಮೇಲೆ ತಿಳಿಯಿತು. ಊರೆಲ್ಲ ಅವನಿಗೆ ಹಿಡಿಶಾಪ ಹಾಕಿತು, ಲೋಲೆಂಗ್ ಹಾಕಲಿಲ್ಲ. ತಪ್ಪು ತನ್ನದು, ಪಾಪ, ಬರುವವನ ಕಾಲನ್ನು ತಾನೇ ಕಟ್ಟಿಹಾಕಿದೆ ಎಂದುಕೊಂಡಳು. ಒಮ್ಮೆ ಪಾದ್ರಿಯ ಬಳಿ ಇದನ್ನು ಹೇಳಿಕೊಂಡದ್ದುಂಟು. ಆತ ನಕ್ಕು, ಇದು ಪಾಪದ ಲೆಕ್ಕಕ್ಕೇ ಬರುವುದಿಲ್ಲ ಎಂದ. ಬಟ್ಟೆಬರೆಯ ವಿಷಯ ಪಾದ್ರಿಗೇನು ಗೊತ್ತು ಎಂದು ಅವಳು ಎದ್ದು ಬಂದಳು. ಎಷ್ಟೋ ವರ್ಷಗಳ ಮೇಲೆ ಪೊನ್ಸಿಯಾನೊ ಹೆಂಡತಿಯನ್ನು ಕಟ್ಟಿಕೊಂಡು ಊರ ಹಬ್ಬಕ್ಕೆ ಬಂದಾಗ ಲೋಲೆಂಗ್ ಅವನ ತಟ್ಟೆಗೆ ಪಾನ್ಸಿತ್ ಶಾವಿಗೆ ಬಡಿಸಿ ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ಅವನ ಹೆಂಡತಿಗೆ ಮೂಲೆಯಲ್ಲಿ ಮಲ್ಲಿಗೆ ಬಿಡಿಸಿದ ಕರವಸ್ತ್ರವನ್ನೂ ಕೊಟ್ಟಳು. ಅದಕ್ಕೆ ಎರಡು ವಾರ ಕಣ್ಣು ಸವೆಸಿದ್ದಳು.

ತನ್ನ ಮದುವೆ ಹೇಗೂ ಕೆಟ್ಟಿದೆ, ಇನ್ನು ಕೆಡಲು ಏನೂ ಉಳಿದಿಲ್ಲ, ಹಾಗಾಗಿ ಬೇರೆಯವರ ಬದಲು ನಿಲ್ಲಲು ತನಗಿಂತ ಯೋಗ್ಯಳಿಲ್ಲ ಎಂಬುದು ಅವಳ ಎಣಿಕೆಯಾಗಿತ್ತು. ಕನ್ನಡಿ ಕಾಣಬಾರದು, ಹೊಸ್ತಿಲು ದಾಟಬಾರದು, ಅಷ್ಟೇ. ದಾಟಿದರೆ ತನಗೆ ತಟ್ಟಿದ್ದು ಆ ಹುಡುಗಿಗೂ ತಟ್ಟುತ್ತದೆ. ಹೀಗೆ ಅವಳು ಐವತ್ತು ದಾಟಿದಳು, ಕೂದಲು ನೆರೆಯಿತು. ಸೊಂಟ ಮಾತ್ರ ಹುಡುಗಿಯದೇ ಉಳಿಯಿತು. ಅದು ಕೆಲಸದ ಸೊಂಟ, ಅದನ್ನು ಅವಳು ಕಾಪಾಡಿಕೊಂಡೇ ಬಂದಿದ್ದಳು.

ಈಗ ಮದುವೆ ಅವಳ ಮನೆಯದೇ ಆಗಿತ್ತು. ಮದುಮಗಳು ಆರ್ಲಿನ್, ಅವಳ ತೀರಿಕೊಂಡ ತಮ್ಮನ ಮಗಳು. ತಾಯಿ ಬೇರೆ ಮದುವೆಯಾಗಿ ಹೊರಟುಹೋದ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ಸಾಕಿದವಳು ಲೋಲೆಂಗ್. ಆರ್ಲಿನ್ ಬುಸುವಾಂಗಾ ದ್ವೀಪದ ಒಂದು ಪ್ರವಾಸಿ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಅಲ್ಲೇ ದೋಣಿ ನಡೆಸುವ ರೊಡೆಲ್‌ನನ್ನು ಮೆಚ್ಚಿದಳು, ಮದುವೆಯೂ ಅಲ್ಲೇ ಕಡಲ ಬದಿಯ ಪುಟ್ಟ ಚರ್ಚಿನಲ್ಲಿ ಎಂದಾಯಿತು. ಹಿಂದಿನ ತಿಂಗಳು ಬಂದು ಎರಡು ದಿನ ಇದ್ದು, ಸ್ಟೂಲಿನ ಮೇಲೆ ಕೂತು, ಟಿಯಾ ಎಂದು ಕರೆಯುವ ಅತ್ತೆ ತನ್ನ ಗೌನು ತೊಟ್ಟು ನಿಂತದ್ದನ್ನು ಕಣ್ತುಂಬ ನೋಡಿ ಹೋಗಿದ್ದಳು. ಅತ್ತೆ ಸೊಸೆ ಇಬ್ಬರದೂ ಒಂದೇ ಮೈಕಟ್ಟು. ಆ ಗೌನಿಗೆ ಟವೆಲೂ ಬೇಕಾಗಿರಲಿಲ್ಲ, ಉಸಿರನ್ನೂ ಹಿಡಿಯಬೇಕಾಗಿರಲಿಲ್ಲ.

ಊರಿನ ನೆಂಟರು, ಚಾಯೊಂಗ್ ಕೂಡ, ಹಡಗಿನಲ್ಲಿ ಒಂದು ದಿನ ಮೊದಲೇ ಹೊರಟರು. ಗೌನು ಮಾತ್ರ ಹಡಗಿನಲ್ಲಿ ಹೋಗುವಂತಿರಲಿಲ್ಲ. ಉಪ್ಪುಗಾಳಿ ತಗುಲಿದರೆ ಪಿನ್ಯಾ ಜೋಲು ಬೀಳುತ್ತದೆ, ಮಡಿಸಿದರೆ ನಾರು ಸೀಳುತ್ತದೆ. ಮೇಲಾಗಿ ಅದರ ತೋಳುಗಳು ಚಿಟ್ಟೆಯ ರೆಕ್ಕೆಯಂತೆ ಹೆಗಲ ಮೇಲೆ ನೆಟ್ಟಗೆ ನಿಲ್ಲುವಂಥವು. ಆದ್ದರಿಂದ ಲೋಲೆಂಗ್ ಹಾಸಿಗೆಯಷ್ಟು ಅಗಲದ ರಟ್ಟಿನ ಪೆಟ್ಟಿಗೆಯಲ್ಲಿ ಗೌನನ್ನು ಮಲಗಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಲು ಮನಿಲಾಕ್ಕೆ ಬಂದಳು. ಮದುವೆ ಮರುದಿನ ಬೆಳಿಗ್ಗೆ ಇತ್ತು.

ಕೌಂಟರಿನ ಹುಡುಗಿ ಪೆಟ್ಟಿಗೆಯನ್ನು ನೋಡಿದ ಕೂಡಲೇ ತಲೆಯಾಡಿಸಿದಳು. ದ್ವೀಪಕ್ಕೆ ಹೋಗುವುದು ಪುಟ್ಟ ವಿಮಾನ, ಇದು ಒಳಗೆ ಹಿಡಿಸುವುದಿಲ್ಲ, ಸಾಮಾನಿನ ಜೊತೆ ಕೆಳಗೆ ಹಾಕಬೇಕು ಎಂದಳು. ಹಾಕಿದರೆ ಜೊತೆಯಲ್ಲೇ ಬರುತ್ತದೆಯೇ ಎಂದು ಲೋಲೆಂಗ್ ಕೇಳಿದಳು. ಹುಡುಗಿ ಒಳ್ಳೆಯವಳು, ಸುಳ್ಳು ಹೇಳಲಿಲ್ಲ.

"ಇವತ್ತು ಭಾರ ಜಾಸ್ತಿ ಇದೆ ಮ್ಯಾಡಂ. ಕೆಲವು ಸಾಮಾನು ನಾಳೆ ಮಧ್ಯಾಹ್ನದ ವಿಮಾನಕ್ಕೆ ಬರುತ್ತೆ. ನಿಮ್ದು ಯಾವುದಕ್ಕೆ ಬರುತ್ತೋ ನಾನು ಹೇಳಕ್ಕಾಗಲ್ಲ."

ನಾಳೆ ಮಧ್ಯಾಹ್ನದ ಹೊತ್ತಿಗೆ ಊಟವೇ ಮುಗಿದಿರುತ್ತದೆ. ಪೆಟ್ಟಿಗೆಗೂ ಒಂದು ಸೀಟು ಕೊಡಿ ಎಂದು ಕೇಳಿದಳು, ಸೀಟಿರಲಿಲ್ಲ. ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದಳು, ಕಾನೂನಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಆಗ ಅವಳ ಬೆನ್ನ ಹಿಂದೆ ನಿಂತಿದ್ದ, ಮೂರು ಜನರ ಅಗಲದ ಒಬ್ಬ ಗಂಡಸು ಬಾಯಿ ಹಾಕಿದ. ಅವನು ಗೊರ್ಯೊ, ಅದೇ ದ್ವೀಪದ ಹಂದಿ ವ್ಯಾಪಾರಿ. ಹೆಸರು ಆಮೇಲೆ ಗೊತ್ತಾದದ್ದು. ಅಕ್ಕ ಎನ್ನುವುದಕ್ಕೆ ಆ ಕಡೆಯವರು ಆತೆ ಎನ್ನುತ್ತಾರೆ.

"ತೊಟ್ಕೊಂಡು ಹತ್ಬಿಡಿ ಆತೆ. ಮೈಮೇಲಿನ ಬಟ್ಟೆಗೆ ಯಾರೂ ತೂಕ ಹಾಕಲ್ಲ. ಹಾಕೋದಾಗಿದ್ರೆ ನನ್ನ ಈ ಚಡ್ಡಿನ ಯಾವತ್ತೋ ಕೆಳಗಿಳಿಸ್ತಿದ್ರು."

ಸಾಲಿಗೆ ಸಾಲೇ ನಕ್ಕಿತು. ಲೋಲೆಂಗ್ ನಗಲಿಲ್ಲ. ಅವನು ಗೇಲಿಗೆ ಅಂದದ್ದು ಆಗುವಂಥದ್ದೇ ಎಂದು ಹುಡುಗಿಯ ಮುಖ ನೋಡಿದಳು. ಹುಡುಗಿ ಮೆಲ್ಲಗೆ, ಅದು ನಿಜವೇ ಮ್ಯಾಡಂ, ತೊಟ್ಟ ಬಟ್ಟೆಗೆ ನಾವೇನೂ ಕೇಳುವುದಿಲ್ಲ ಎಂದಳು.

ಒಂದು ಕಡೆ ಗೌನು ತಲುಪದೆ ಹೋಗುವ ಭಯ, ಇನ್ನೊಂದು ಕಡೆ ಇಷ್ಟು ವರ್ಷ ದಾಟದ ಹೊಸ್ತಿಲನ್ನು ದಾಟುವ ಭಯ. ಗೌನು ತಲುಪದಿದ್ದರೆ ಆರ್ಲಿನ್ ಯಾವುದೋ ಫ್ರಾಕು ಹಾಕಿಕೊಂಡು ಚರ್ಚಿಗೆ ಹೋಗಬೇಕು. ತಾನು ತೊಟ್ಟು ತಲುಪಿಸಿದರೆ ತನ್ನ ಕೆಟ್ಟ ಗಳಿಗೆ ಆ ಮಗುವಿನ ಮದುವೆಗೂ ಅಂಟಿಕೊಳ್ಳಬಹುದು. ಕಟ್ಟಳೆ ಇರುವುದು ಮದುಮಗಳಿಗೆ, ನನಗಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ, ಕಾಲು ಮಾತ್ರ ಹೆಂಗಸರ ಶೌಚಾಲಯದ ಕಡೆ ನಡೆಯಿತು.

ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಪೆಟ್ಟಿಗೆಯ ಮುಚ್ಚಳ ತೆಗೆದದ್ದನ್ನು ನೋಡಿ ಕೋಲನ್ನು ಗೋಡೆಗೆ ಒರಗಿಸಿ ಬಂದಳು. ಏನು ಎತ್ತ ಎಂದು ಕೇಳದೆ ಕೈ ತೊಳೆದು ಒರೆಸಿಕೊಂಡು ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಲೋಲೆಂಗ್ ಅಷ್ಟು ಹೊತ್ತೂ ಕಣ್ಣು ಮುಚ್ಚಿಯೇ ನಿಂತಿದ್ದಳು. ಆ ಗೋಡೆಯ ಉದ್ದಕ್ಕೂ ಇದ್ದದ್ದು ಕನ್ನಡಿಯೇ. ಅದನ್ನು ಮುಚ್ಚುವ ಮೇಜುವಸ್ತ್ರ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

"ಕಣ್ಣು ಬಿಡಿ ಆತೆ, ಹೀಗೆ ಹೋದ್ರೆ ಬಾಗಿಲಿಗೆ ಹೊಡ್ಕೊತೀರ," ಎಂದಳು ಆ ಹೆಂಗಸು.

ಬಿಟ್ಟಳು. ಬಿಟ್ಟವಳು ಗರ ಬಡಿದಂತೆ ನಿಂತುಬಿಟ್ಟಳು. ಗೌನು ತೊಟ್ಟ ತನ್ನನ್ನು ಅವಳು ಕೊನೆಯ ಸಲ ನೋಡಿದ್ದು ಇಪ್ಪತ್ತೆರಡರ ಹುಡುಗಿಯಾಗಿದ್ದಾಗ, ಬೀರುವಿನ ಕನ್ನಡಿಯಲ್ಲಿ. ಈಗ ಅದೇ ಕುತ್ತಿಗೆಯ ಮೇಲೆ ತನ್ನ ತಾಯಿಯ ಮುಖ ಬಂದು ಕೂತಿತ್ತು. ನಡುವೆ ಇದ್ದ ಹೆಂಗಸು ಎಲ್ಲಿ ಹೋದಳು? ಇಷ್ಟೊಂದು ಗೌನು ತೊಟ್ಟರೂ ಅವಳನ್ನು ತಾನು ಒಮ್ಮೆಯೂ ನೋಡಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಿನ ಆಘಾತ ಎಂದರೆ, ಆ ಗೌನಿನಲ್ಲಿ ಅವಳು ಚೆನ್ನಾಗಿ ಕಾಣುತ್ತಿದ್ದಳು. ಅದು ಅವಳ ಕಣ್ಣಿಗೇ ಗೊತ್ತಾಯಿತು, ಮತ್ತು ಅದಕ್ಕೆ ಅವಳಿಗೆ ನಾಚಿಕೆಯಾಯಿತು.

ಹೊಸ್ತಿಲು ದಾಟುವಾಗ ಶಿಲುಬೆಯ ಗುರುತು ಮಾಡಿಕೊಂಡಳು. ಹೊರಗೆ ಹೆಜ್ಜೆಯಿಟ್ಟದ್ದೇ ತಡ, ಇಡೀ ಕಟ್ಟಡ ಇವಳ ಕಡೆ ತಿರುಗಿತು. ತಪಾಸಣೆಯ ಹೆಂಗಸು ಮೈ ಸವರಿ ನೋಡುವುದನ್ನು ಬಿಟ್ಟು ಕೈ ಕುಲುಕಿದಳು. ಅಪರಿಚಿತರು ಎದ್ದು ನಿಂತು ದಾರಿ ಬಿಟ್ಟರು. ಫೋನುಗಳು ಮೇಲೆದ್ದವು. ಒಬ್ಬ ಮುದುಕಿ ಬಂದು ಅವಳ ಕೆನ್ನೆ ಮುಟ್ಟಿ, ತಡವಾದರೂ ದೇವರು ಕೊಟ್ಟನಲ್ಲ ಮಗಳೇ ಎಂದು ಕಣ್ಣೊರೆಸಿಕೊಂಡಳು. ಲೋಲೆಂಗ್ ಬಾಯಿ ತೆರೆದಳು. ಏನೆನ್ನಬೇಕು? ಇದು ನನ್ನ ಮದುವೆಯಲ್ಲ ಎಂದರೆ? ಮದುವೆಯ ಗೌನು ತೊಟ್ಟು, ಮದುವೆಯಿಲ್ಲ ಎಂಬ ಮಾತನ್ನು ಬಾಯಿಂದ ಆಡುವುದುಂಟೇ! ಅದಕ್ಕಿಂತ ದೊಡ್ಡ ಅಪಶಕುನ ಯಾವುದು? ಬಾಯಿ ಮುಚ್ಚಿಕೊಂಡು ಎಲ್ಲರ ಹಾರೈಕೆಯನ್ನೂ ತೆಗೆದುಕೊಂಡಳು. ಕಳ್ಳಿಯಂತೆ ಅನ್ನಿಸಿತು.

ವಿಮಾನದೊಳಗೆ ಅವಳ ಪಕ್ಕದ ಸೀಟಿಗೆ ಬಂದವನು ಅದೇ ಗೊರ್ಯೊ. ಇವಳನ್ನು ನೋಡಿ ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ತಾನು ಹುಡುಗಾಟಕ್ಕೆ ಅಂದದ್ದನ್ನು ಈ ಹೆಂಗಸು ಮಾಡಿಯೇಬಿಟ್ಟಳಲ್ಲ ಎಂದು ಬೆರಗಾದ. ಕೂತ ಮೇಲೆ ಗೌನಿನ ಬಲಗಡೆಯ ತೋಳು ಸೀದಾ ಅವನ ಮೂಗಿಗೇ ಬಂತು. ಪಾಪ, ದೊಡ್ಡ ದೇಹವನ್ನು ಆದಷ್ಟು ಮುದುಡಿಕೊಂಡು, ಕತ್ತನ್ನು ಆ ಕಡೆ ತಿರುಗಿಸಿಯೇ ಕೂತ. ವಿಮಾನ ಮೇಲೇರಿದ ಮೇಲೆ ಗಗನಸಖಿ ಮೈಕು ಹಿಡಿದು, ನಮ್ಮ ಜೊತೆ ಇಂದು ಒಬ್ಬ ಮದುಮಗಳು ಪ್ರಯಾಣ ಮಾಡುತ್ತಿದ್ದಾರೆ ಎಂದಳು. ವಿಮಾನವೆಲ್ಲ ಚಪ್ಪಾಳೆ ತಟ್ಟಿತು. ಮದುಮಗ ಯಾರು, ಮದುಮಗ ಎಲ್ಲಿ ಎಂದು ಹಿಂದಿನ ಸೀಟಿನವರು ಕೂಗಿದರು. ಲೋಲೆಂಗ್ ಮುಖ ತಗ್ಗಿಸಿದ್ದನ್ನು ಗೊರ್ಯೊ ನೋಡಿದ. ಎದ್ದು ನಿಂತು, ತಲೆಯನ್ನು ಮೇಲಿನ ಸಾಮಾನಿನ ಗೂಡಿಗೆ ತಾಗಿಸಿಕೊಂಡು, ನಾನೇ ಎಂದು ಕೈ ಎತ್ತಿದ. ಜನ ಬಿದ್ದು ಬಿದ್ದು ನಕ್ಕು ಸುಮ್ಮನಾದರು.

"ತಪ್ಪು ತಿಳ್ಕೋಬೇಡಿ," ಎಂದ ಅವನು ಕೂತು. "ಅವರ ಬಾಯಿ ಮುಚ್ಚಿಸೋಕೆ ಅಂದೆ. ಯಾರ ಮದುವೆ?"

ನನ್ನ ಮಗಳದು ಎಂದಳು ಲೋಲೆಂಗ್. ತಮ್ಮನ ಮಗಳು ಎನ್ನಲು ಹೊರಟವಳ ಬಾಯಲ್ಲಿ ಹಾಗೆ ಬಂತು. ಗಂಡಿನ ಹೆಸರು ಕೇಳಿ, ರೊಡೆಲ್‌ನ ಮದುವೆಯೇ, ಊಟಕ್ಕೆ ಹಂದಿ ನನ್ನದೇ ಎಂದು ಗೊರ್ಯೊ ಹಿಗ್ಗಿದ. ದಾರಿಯುದ್ದಕ್ಕೂ ಆ ಹಂದಿಯ ಗುಣಗಾನ ಮಾಡಿದ. ಲೋಲೆಂಗ್ ಕೇಳುತ್ತಿರಲಿಲ್ಲ. ಬೆನ್ನು ತಾಗಿದರೆ ಬಟ್ಟೆ ಮುದುಡುತ್ತದೆಂದು ಸೀಟಿಗೆ ಒರಗದೆ, ಮೋಡದ ಮೇಲೆ ನೆಟ್ಟಗೆ ಕೂತು, ಈ ಮದುವೆ ನಡೆಯಲಿ ದೇವರೇ, ಇದೊಂದು ನಡೆಯಲಿ ಎಂದು ಜಪಿಸುತ್ತಿದ್ದಳು.

ದ್ವೀಪದ ನಿಲ್ದಾಣದಲ್ಲಿ ಗಾಳಿ ಜೋರಾಗಿತ್ತು. ಮೆಟ್ಟಿಲಿಳಿಯುವಾಗ ಗೌನು ಹಾರದಂತೆ ಒಂದು ಕಡೆ ಲೋಲೆಂಗ್, ಇನ್ನೊಂದು ಕಡೆ ಗೊರ್ಯೊ ಹಿಡಿದುಕೊಂಡರು. ಇವಳನ್ನು ಕರೆದೊಯ್ಯಲು ರೊಡೆಲ್‌ನ ತಾಯಿ ಉರ್ಬಾನಾ ಖುದ್ದಾಗಿ ಬಂದಿದ್ದಳು. ಬಿಳಿಯ ಗೌನು, ಚಿಟ್ಟೆಯ ತೋಳು, ಅದರೊಳಗೆ ನೆರೆಗೂದಲ ಬೀಗಿತ್ತಿ, ಪಕ್ಕದಲ್ಲಿ ಹಂದಿ ವ್ಯಾಪಾರಿ. ಉರ್ಬಾನಾ ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದು ಕೂತಳು.

ಲೋಲೆಂಗ್ ನಡೆದದ್ದನ್ನೆಲ್ಲ ಹೇಳಿದಳು. ಉರ್ಬಾನಾ ಕೇಳಿದಳು, ಆದರೆ ಮುಖದ ಬಣ್ಣ ಮರಳಲಿಲ್ಲ. ಅವಳು ಕೆಟ್ಟವಳಲ್ಲ, ಹೆದರಿದವಳು. ಒಬ್ಬನೇ ಮಗ ಕಡಲಲ್ಲಿ ಬದುಕು ಮಾಡುವವನಾದರೆ ತಾಯಿಗೆ ಕಾಗೆ ಕೂತರೂ ಶಕುನವೇ.

"ನಿಮ್ಮೂರಿನ ವಿಷಯ ಚಾಯೊಂಗ್ ಹೇಳಿದ್ದಾಳೆ," ಎಂದಳು ತಗ್ಗಿದ ದನಿಯಲ್ಲಿ. "ಚರ್ಚ್ ಬಾಗಿಲಲ್ಲಿ ನಿಂತು ನಿಂತು ವಾಪಸ್ ಬಂದೋರಂತೆ ನೀವು. ಅಂಥೋರು ನನ್ನ ಸೊಸೆ ಗೌನು ತೊಟ್ಕೊಂಡು ಊರೆಲ್ಲ ಮೆರೆಸಿದೀರ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳ್ಲಿ?"

"ನನ್ನನ್ನೇ ಕೇಳಿ," ಎಂದಳು ಲೋಲೆಂಗ್.

ಆ ಮಾತು ಅಲ್ಲಿಗೇ ನಿಂತಿತು. ಮದುಮಗಳಿಗೆ ಇದನ್ನು ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡರು. ಉರ್ಬಾನಾಳ ಪರಿಚಯದವರ ಮನೆಯಲ್ಲಿ ಗೌನು ಬಿಚ್ಚಿ, ಎಲ್ಲೂ ಕಲೆಯಿಲ್ಲ, ಎಲ್ಲೂ ಸೀಳಿಲ್ಲ ಎಂದು ನೋಡಿಕೊಂಡು, ಹೊಸ ಬೆಡ್‌ಶೀಟಿನಲ್ಲಿ ಸುತ್ತಿ ಕೊಂಡೊಯ್ದರು. ಆರ್ಲಿನ್ ಓಡಿಬಂದು ಅಪ್ಪಿಕೊಂಡಾಗ ಲೋಲೆಂಗ್ ಮರದ ಕೊರಡಿನಂತೆ ನಿಂತಿದ್ದಳು. ವಿಮಾನದಲ್ಲಿ ತಲೆ ಸುತ್ತಿತು ಎಂದು ಸುಳ್ಳು ಹೇಳಿದಳು.

ಬೆಳಿಗ್ಗೆ ಆರ್ಲಿನ್ ಗೌನು ತೊಟ್ಟಳು. ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿತು. ಚಾಯೊಂಗ್ ಹಿಂದೆ ಸರಿದು ನೋಡಿ ಮೂಗು ಒರೆಸಿಕೊಂಡಳು. ಎಲ್ಲರೂ ಮೆರವಣಿಗೆಯಲ್ಲಿ ಚರ್ಚಿಗೆ ಹೋದರು, ಗಂಟೆ ಹೊಡೆಯಿತು, ಜನ ಕೂತರು. ಮದುಮಗ ಇರಲಿಲ್ಲ.

ಮದುಮಗ ಮೊದಲೇ ಬಂದು ಕಾಯುವುದು ಪದ್ಧತಿ. ಅವನ ಗೆಳೆಯರಿಗೆ ಫೋನು ಮಾಡಿದರು, ಅವರಿಗೂ ಗೊತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ದೋಣಿ ತೆಗೆದುಕೊಂಡು ಹೋದವನು ಇನ್ನೂ ಬಂದಿಲ್ಲ ಎಂದು ಯಾರೋ ಹೇಳಿದರು. ಅವನ ಫೋನು ಹತ್ತುತ್ತಿರಲಿಲ್ಲ. ಪಾದ್ರಿಯೂ ಬಂದಿಲ್ಲ ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಚರ್ಚಿನ ಬಾಗಿಲಲ್ಲಿ ಬಿಳಿಯ ಗೌನಿನಲ್ಲಿ ನಿಂತಿದ್ದ ಹುಡುಗಿಯ ಬೆನ್ನು ಲೋಲೆಂಗ್‌ಗೆ ಕಾಣುತ್ತಿತ್ತು. ಅದು ಆರ್ಲಿನ್‌ಳದೋ ತನ್ನದೋ ಎಂಬುದೇ ಒಂದು ಗಳಿಗೆ ತಿಳಿಯದಾಯಿತು. ಅದೇ ಬಿಸಿಲು, ಅದೇ ಪಿಸುಮಾತು, ಹೆಂಗಸರು ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಳ್ಳುವ ಅದೇ ರೀತಿ. ಉರ್ಬಾನಾ ಮುಂದಿನ ಸಾಲಿನಿಂದ ತಿರುಗಿ ಇವಳನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬರೀ ಹೆದರಿಕೆಯಿತ್ತು. ಲೋಲೆಂಗ್ ಮಂಡಿಯೂರಿದಳು. ನನ್ನದನ್ನು ತೆಗೆದುಕೊಂಡೆಯಲ್ಲ, ಸಾಕು, ಇವಳದ್ದನ್ನು ಬಿಡು ಎಂದು ಬೇಡಿದಳು. ನಾನು ಈ ಜನ್ಮದಲ್ಲಿ ಇನ್ನೊಂದು ಗೌನು ಮುಟ್ಟುವುದಿಲ್ಲ ಎಂದು ಆಣೆಯಿಟ್ಟಳು. ಕೊನೆಗೆ ಬೇಡುವುದೂ ಆಗದೆ, ಹಲ್ಲು ಕಚ್ಚಿಕೊಂಡು ನೆಲ ನೋಡುತ್ತಾ ಉಳಿದಳು.

ಆಗ ಕಡಲ ಕಡೆಯಿಂದ ಕೂಗು ಕೇಳಿಸಿತು. ಪಕ್ಕದ ದ್ವೀಪದಿಂದ ಪಾದ್ರಿಯನ್ನು ಕರೆತರಲು ರೊಡೆಲ್ ತಾನೇ ಹೋಗಿದ್ದ. ಕರೆತರಬೇಕಾದ ಹುಡುಗ ಹಿಂದಿನ ದಿನ ಕುಡಿದು ಮಲಗಿದ್ದನಂತೆ. ಬರುವಾಗ ನೀರು ಇಳಿದು ದೋಣಿ ಮರಳಿನಲ್ಲಿ ಕಚ್ಚಿಕೊಂಡಿತು. ಮದುಮಗನೂ ಪಾದ್ರಿಯೂ ಇಳಿದು, ದೂಡಿ, ಕೊನೆಗೆ ದೋಣಿಯನ್ನು ಅಲ್ಲೇ ಬಿಟ್ಟು ನಡೆದೇ ಬಂದಿದ್ದರು. ಇಬ್ಬರೂ ಮೊಣಕಾಲಿನವರೆಗೆ ಒದ್ದೆ. ರೊಡೆಲ್‌ನ ಕಸೂತಿಯ ಬಾರೊಂಗ್ ಅಂಗಿಯ ಮೇಲೆ ಕೆಸರು ಸಿಡಿದಿತ್ತು. ಅವನು ಅದೇ ವೇಷದಲ್ಲಿ ಹಲ್ಲು ಕಿರಿಯುತ್ತಾ ಒಳಗೆ ಓಡಿದ. ಪಾದ್ರಿ ಒದ್ದೆ ಪ್ಯಾಂಟಿನ ಮೇಲೆಯೇ ನಿಲುವಂಗಿ ಹಾಕಿಕೊಂಡ. ಮದುವೆ ನಡೆಯಿತು.

ನಡೆಯಿತು! ಪದ್ಧತಿಯಂತೆ ಇಬ್ಬರ ಹೆಗಲಿಗೂ ಒಂದೇ ಹಗ್ಗದ ಮಾಲೆ ಬಿತ್ತು, ಉಂಗುರ ಬೆರಳು ಸೇರಿತು, ಉರ್ಬಾನಾ ಬಂದು ಎಲ್ಲರೆದುರು ಲೋಲೆಂಗ್‌ಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಲೋಲೆಂಗ್‌ಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ತೆಂಗಿನ ನೆರಳಿನಲ್ಲಿ ಹಾಕಿದ್ದ ಊಟದ ಮೇಜಿನ ತುದಿಯಲ್ಲಿ, ತಟ್ಟೆಯನ್ನು ಮುಟ್ಟದೆ ಕೂತಿದ್ದಳು. ಎದುರಿಗೆ ಗೊರ್ಯೊ ತನ್ನ ಹಂದಿಯ ಗರಿಗರಿ ತೊಗಲನ್ನು ಕತ್ತರಿಸಿ, ಕಿವಿಯ ಹತ್ತಿರದ್ದು ಆತೆಗೆ ಎಂದು ಬೇರೆ ತೆಗೆದಿಡುತ್ತಿದ್ದ.

ಆರ್ಲಿನ್ ಗೌನಿನ ಅಂಚನ್ನು ಎತ್ತಿ ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಫೋನಿತ್ತು. ಅದರಲ್ಲಿ ವಿಮಾನ ನಿಲ್ದಾಣದ ನಡುವೆ ಗೌನು ತೊಟ್ಟು ನಿಂತ ಲೋಲೆಂಗ್ ಇದ್ದಳು. ಯಾರೋ ತೆಗೆದು ಊರಿಗೆಲ್ಲ ಹಂಚಿದ್ದು ಹಿಂದಿನ ದಿನ ಸಂಜೆಯೇ ಮದುಮಗಳಿಗೆ ತಲುಪಿತ್ತು.

"ಇದಕ್ಕಾ ಟಿಯಾ ನಿನ್ನೆಯಿಂದ ಹೆಣದ ಥರ ಇದ್ದಿದ್ದು? ರೊಡೆಲ್ ತಡ ಆದಾಗ ನಿನ್ನ ಮುಖ ನೋಡಿ ನಂಗೆ ಭಯ ಆಯ್ತು. ಅವನ ಬಗ್ಗೆ ಆಗ್ಲಿಲ್ಲ."

"ನಾನು ಅದನ್ನ ತೊಟ್ಕೊಂಡು ಹೊರಗೆ ಬರಬಾರದಿತ್ತು ಮಗಾ."

ಆರ್ಲಿನ್ ನಕ್ಕಳು. ಸುತ್ತ ನೋಡಿ, ಚಾಯೊಂಗ್ ದೂರದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಅತ್ತೆಯ ಕಿವಿಗೆ ಬಾಯಿಟ್ಟಳು.

"ಹೋದ ತಿಂಗಳು ನೀನು ಬೆಳಗಿನ ಪೂಜೆಗೆ ಹೋಗಿದ್ಯಲ್ಲ, ಆವಾಗ ನಾನೇ ತೊಟ್ಕೊಂಡಿದ್ದೆ. ಕನ್ನಡಿ ಮೇಲಿನ ಬಟ್ಟೆ ತೆಗೆದು, ಚೆನ್ನಾಗಿ ಕುಣಿದೆ ಕೂಡ. ಏನಾಯ್ತು ಹೇಳು? ಇದೊಂದೇ ಅಲ್ಲ, ಚಿಕ್ಕವಳಿದ್ದಾಗಿಂದ ನಿಮ್ಮ ಅಂಗಡಿಗೆ ಬರ್ತಿದ್ದ ಮದುಮಕ್ಕಳಿಗೆ ನಾನೇ ಒಳಗಿನಿಂದ ಬಾಗಿಲು ಹಾಕ್ಕೊಡ್ತಿದ್ದೆ. ನೀನೂ ಆತೆ ಚಾಯೊಂಗೂ ಊಟಕ್ಕೆ ಹೋದಾಗ ಎಲ್ಲರೂ ತೊಟ್ಕೊಂಡು ನೋಡ್ತಿದ್ರು. ಮೇಷ್ಟ್ರ ಮಗಳು, ಬೇಕರಿ ಹುಡುಗಿ ನೀನಾ, ಎಲ್ಲಾರೂ. ನೀನಾಗೆ ಈಗ ನಾಲ್ಕು ಮಕ್ಕಳು. ಯಾರ ಮದುವೆ ನಿಂತಿದೆ ಟಿಯಾ?"

ಹುಡುಗಿ ಸಮಾಧಾನಕ್ಕೆಂದು ಹೇಳಿದ್ದು. ಹೇಳಿ, ಅತ್ತೆಯ ಕೈ ಹಿಸುಕಿ, ಅವಳೂ ನಗಲೆಂದು ಕಾದಳು.

ಲೋಲೆಂಗ್ ನಗಲಿಲ್ಲ. ಕಾಲ ಕೆಳಗಿನ ಮರಳು ಅಲೆಯ ಜೊತೆ ಜಾರಿಹೋದಂತಾಯಿತು. ಮೇಷ್ಟ್ರ ಮಗಳು. ಬೇಕರಿಯ ನೀನಾ. ತಾನು ಯಾರ ಬದಲಿಗೆ ನಿಂತಿದ್ದಳೋ ಅವರೆಲ್ಲ. ತೊಟ್ಟು ನೋಡಿದರು, ಕುಣಿದರು, ಮದುವೆಯ ದಿನ ಅವರವರ ಗಂಡುಗಳು ಬಂದರು. ಹಾಗಾದರೆ ಆ ಮಧ್ಯಾಹ್ನ ಬೀರುವಿನ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದ ಹುಡುಗಿ ಏನೂ ಮಾಡಿರಲಿಲ್ಲ. ಏನೂ ಕೆಡಿಸಿರಲಿಲ್ಲ. ಹಗುರವಾಗಬೇಕಿದ್ದ ಎದೆ ಹಗುರವಾಗಲಿಲ್ಲ. ಇಷ್ಟು ವರ್ಷ ಆ ತಪ್ಪು ಅವಳಿಗೆ ಒಂದು ಗೋಡೆಯಾಗಿತ್ತು. ಅದು ಬಿದ್ದ ಮೇಲೆ ಅದರ ಹಿಂದೆ ನಿಂತಿದ್ದವನು ಕಾಣಿಸಿದ. ಗಟ್ಟಿಮುಟ್ಟಾಗಿ, ಯಾವ ಶಾಪವೂ ತಟ್ಟದೆ, ತನ್ನಿಷ್ಟಕ್ಕೆ ತಾನು ಬೇರೆ ದಾರಿ ಹಿಡಿದು ಹೊರಟ ಪೊನ್ಸಿಯಾನೊ. ಅವನಿಗೆ ಇವಳು ಬೇಡವಾಗಿದ್ದಳು. ಇದ್ದದ್ದು ಅಷ್ಟೇ. ಅಂಥವನ ತಟ್ಟೆಗೆ ಶಾವಿಗೆ ಬಡಿಸಿದ್ದಳು.

ಆರ್ಲಿನ್ ಗಾಬರಿಯಾಗಿ, ಟಿಯಾ, ಏನಾಯ್ತು ಎಂದಳು. ಗೊರ್ಯೊ ಕೈಯಲ್ಲಿ ಚಾಕು ಹಿಡಿದು ಹಾಗೇ ನಿಂತ.

"ಹಾಗಾದ್ರೆ ಆ ನನ್ಮಗ ಸುಮ್ಸುಮ್ನೆ ಬರ್ಲಿಲ್ಲ," ಎಂದಳು ಲೋಲೆಂಗ್.

ಮೇಜಿನ ಆ ತುದಿಯವರೆಗೂ ಕೇಳಿಸಿತು. ಲುಂಬಾನಿನವರು ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಅಂಥ ಮಾತನ್ನು ಅವರು ಕೇಳಿರಲಿಲ್ಲ, ಯಾರ ಬಗ್ಗೆ ಎಂದು ಮಾತ್ರ ಯಾರೂ ಕೇಳಬೇಕಾಗಲಿಲ್ಲ. ಚಾಯೊಂಗ್ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. ಲೋಲೆಂಗ್‌ಳ ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಅವನ ಹೆಂಡತಿಗೆ ಕರವಸ್ತ್ರ ಕೊಟ್ಟೆ ನಾನು," ಎಂದಳು. "ಮಲ್ಲಿಗೆ ಬಿಡಿಸಿ."

ಗೊರ್ಯೊ ಹಂದಿಯ ಕಿವಿಯಿದ್ದ ತಟ್ಟೆಯನ್ನು ಮೆಲ್ಲಗೆ ಅವಳ ಮುಂದೆ ಸರಿಸಿದ. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಕೈಯಲ್ಲಿ ತೆಗೆದುಕೊಂಡು ತಿನ್ನತೊಡಗಿದಳು.